ದ್ವೀಪದ ವಿದ್ಯುತ್ತಿಗೆ ಗಂಟೆ ಗಂಟೆಯ ಲೆಕ್ಕ

ಪ್ರಶ್ನೆ: ಡೀಸೆಲ್ ಜನರೇಟರನ್ನೇ ನಂಬಿರುವ ಪುಟ್ಟ ದ್ವೀಪವೊಂದರ ಲೆಕ್ಕ ಹಾಕುತ್ತಿದ್ದೇನೆ. ಸರಾಸರಿ ಬೇಡಿಕೆ 200 ಕಿಲೋವ್ಯಾಟ್, ಅಂದರೆ ವರ್ಷಕ್ಕೆ 17.5 ಲಕ್ಷ ಯೂನಿಟ್. 1,000 ಕಿಲೋವ್ಯಾಟ್ ಸೌರಫಲಕ ಹಾಕಿದರೆ ಅಷ್ಟೇ ಯೂನಿಟ್ ಸಿಗುತ್ತದೆ. ಇನ್ನು ಜನರೇಟರ್ ಏಕೆ ಬೇಕು?

ಉತ್ತರ: ವರ್ಷದ ಮೊತ್ತ ಸರಿಹೋದರೂ ರಾತ್ರಿಗೆ ಕರೆಂಟ್ ಬರುವುದಿಲ್ಲ. ವರ್ಷದ 8,760 ಗಂಟೆಗೂ ಒಂದೊಂದು ಸಾಲು ಬರೆಯಿರಿ, ಇದೇ ನಿಮ್ಮ ಮಾದರಿ. ಪ್ರತಿ ಸಾಲಿನಲ್ಲೂ ಸೌರ ಉತ್ಪಾದನೆಯಿಂದ ಬೇಡಿಕೆ ಕಳೆಯಿರಿ. ಉಳಿದದ್ದು ಬ್ಯಾಟರಿಗೆ, ಬ್ಯಾಟರಿ ತುಂಬಿದ್ದರೆ ವ್ಯರ್ಥ. ಕೊರತೆ ಬಿದ್ದರೆ ಬ್ಯಾಟರಿಯಿಂದ ತೆಗೆಯಿರಿ, ಅದು ಶೇ. 20ಕ್ಕೆ ಇಳಿದ ಮೇಲೆ ಡೀಸೆಲ್.

ಬಿಸಿಲಿಲ್ಲದ 14 ಗಂಟೆಗೆ 2,800 ಯೂನಿಟ್ ಬೇಕು. ಶೇ. 20 ತಳದಲ್ಲೇ ಬಿಡಬೇಕಾದ್ದರಿಂದ ಬ್ಯಾಟರಿ 3,500 ಯೂನಿಟ್‌ನದಾಗಬೇಕು. ತುಂಬಿ ತೆಗೆಯುವಾಗ ಶೇ. 10ರಷ್ಟು ನಷ್ಟವೆಂದರೆ ದಿನಕ್ಕೆ 300 ಯೂನಿಟ್ ಹೋಯಿತು. ನಿಮ್ಮ 1,000 ಕಿಲೋವ್ಯಾಟ್ ಅಲ್ಲಿಗೇ ಸಾಲದು. ಫಲಕ ಬಿಸಿಯಾದಾಗ ಪ್ರತಿ ಡಿಗ್ರಿಗೆ ಸುಮಾರು ಶೇ. 0.4 ಇಳಿಯುವುದನ್ನೂ ಸೇರಿಸಿ.

ನಿಜವಾದ ಪರೀಕ್ಷೆ ಮೋಡದ ದಿನಗಳದ್ದು. ಮೂರು ದಿನ ಸತತವಾಗಿ ಉತ್ಪಾದನೆ ಕಾಲುಭಾಗಕ್ಕೆ ಇಳಿದರೆ ಕೊರತೆ 10,800 ಯೂನಿಟ್. ಬ್ಯಾಟರಿ 2,800 ಕೊಟ್ಟರೂ 8,000 ಉಳಿಯುತ್ತದೆ. ವರ್ಷಕ್ಕೆ ಕೆಲವೇ ಸಲ ಬರುವ ಆ ದಿನಗಳಿಗೆಂದು ನಾಲ್ಕುಪಟ್ಟು ಬ್ಯಾಟರಿ ಕೊಳ್ಳುವುದಕ್ಕಿಂತ ಎರಡು ಸಾವಿರ ಚಿಲ್ಲರೆ ಲೀಟರ್ ಡೀಸೆಲ್ ಸುಡುವುದೇ ಲೇಸು. ಸ್ಪೇನಿನ ಎಲ್ ಇಯೆರೊ ದ್ವೀಪ ಗಾಳಿಯಂತ್ರ ಮತ್ತು ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ಜಲಾಶಯಗಳ ಬಲದಿಂದ 2019ರಲ್ಲಿ ಸತತ 24 ದಿನ ಡೀಸೆಲ್ ಇಲ್ಲದೆ ನಡೆಯಿತು. ಅಷ್ಟಾದರೂ ಡೀಸೆಲ್ ಸ್ಥಾವರವನ್ನು ಕೈಬಿಡಲಿಲ್ಲ.

ಪ್ರಶ್ನೆ: ಸೌರ ಬಂದ ಮೇಲೂ ಡೀಸೆಲ್ ಖರ್ಚು ಲೆಕ್ಕದಷ್ಟು ಇಳಿಯುವುದಿಲ್ಲವಂತೆ. ಏಕೆ?

ಉತ್ತರ: ಜನರೇಟರ್ ಖಾಲಿ ಓಡಿದರೂ ಎಣ್ಣೆ ಕುಡಿಯುತ್ತದೆ. 300 ಕಿಲೋವ್ಯಾಟ್ ಯಂತ್ರಕ್ಕೆ ಗಂಟೆಗೆ 9 ಲೀಟರ್, ಅದರ ಮೇಲೆ ಯೂನಿಟ್‌ಗೆ 0.24 ಲೀಟರ್ ಎಂದಿಟ್ಟುಕೊಳ್ಳಿ. 240 ಕಿಲೋವ್ಯಾಟ್ ಹೊರೆಯಲ್ಲಿ ಯೂನಿಟ್‌ಗೆ 0.28 ಲೀಟರ್ ಬೀಳುತ್ತದೆ, 60ರಲ್ಲಿ 0.39. ಅಷ್ಟು ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿಸಿದರೆ ಎಣ್ಣೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಅದಕ್ಕೇ ಶೇ. 30, ಅಂದರೆ 90 ಕಿಲೋವ್ಯಾಟ್, ಕನಿಷ್ಠ ಹೊರೆ ಎಂದು ಮಾದರಿಯಲ್ಲಿ ಹಾಕಬೇಕು. ಜನರೇಟರ್ ಓಡುತ್ತಿರುವ ಮಧ್ಯಾಹ್ನ ಅಷ್ಟು ಜಾಗ ಸೌರಕ್ಕೆ ಸಿಗದು. ಬ್ಯಾಟರಿಯೂ ತುಂಬಿದ್ದರೆ ಬಿಸಿಲು ದಂಡ.

ಪರಿಹಾರ ಎರಡು. ಜನರೇಟರ್ ಇಲ್ಲದೆಯೂ ವೋಲ್ಟೇಜ್, ಫ್ರೀಕ್ವೆನ್ಸಿ ತಾನೇ ಹಿಡಿದಿಡಬಲ್ಲ ಇನ್ವರ್ಟರನ್ನು ಬ್ಯಾಟರಿಗೆ ಜೋಡಿಸಿ, ಆಗ ಹಗಲಲ್ಲಿ ಜನರೇಟರನ್ನು ಪೂರ್ತಿ ನಿಲ್ಲಿಸಬಹುದು. ಇನ್ನೊಂದು, 300ರ ಒಂದು ಯಂತ್ರದ ಬದಲು 100ರ ಮೂರು ಇಟ್ಟು, ಹೊರೆಗೆ ತಕ್ಕಷ್ಟನ್ನೇ ಓಡಿಸುವುದು. ಎರಡನ್ನೂ ಬೇರೆ ಬೇರೆಯಾಗಿ ಮಾದರಿಯಲ್ಲಿ ಓಡಿಸಿ, ವರ್ಷದ ಲೀಟರ್ ಹೋಲಿಸಿದ ಮೇಲೆಯೇ ಫಲಕದ ಸಂಖ್ಯೆ ಹೆಚ್ಚಿಸಿ.