ದೆವ್ವದ ಕಥೆಗೆ ಪುಟ ಏಕೆ ಕೊಡಬೇಕು?

ಹಾಸನದ ಹಿರಿಯ ಓದುಗರೊಬ್ಬರು ನಮ್ಮ ಮೇಲೆ ಬೇಸರಗೊಂಡಿದ್ದಾರೆ. ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಭಯಾನಕ ಕಥೆ, ಚಿತ್ರಗಳ ಬಗ್ಗೆ ಬರೆದದ್ದು ಅವರಿಗೆ ಹಿಡಿಸಿಲ್ಲ. ‘ಷೇಕ್ಸ್‌ಪಿಯರ್, ಡಿಕನ್ಸ್ ಹುಟ್ಟಿದ ನಾಡಿನಲ್ಲಿ ನಿಮಗೆ ದೆವ್ವಗಳೇ ಸಿಕ್ಕವೇ?’ ಎಂದು ಕೇಳಿದ್ದಾರೆ.

ಮಾನ್ಯರೇ, ರಕ್ತ ಚೆಲ್ಲಿ ದುಡ್ಡು ಬಾಚುವ ಸರಕು ಅಲ್ಲಿ ಬೇಕಾದಷ್ಟಿದೆ, ಒಪ್ಪಿದೆ. ಆದರೆ ನೀವು ಕರೆದ ಇಬ್ಬರು ಸಾಕ್ಷಿಗಳೂ ನನ್ನ ಪರವೇ ನಿಲ್ಲುತ್ತಾರೆ. ‘ಹ್ಯಾಮ್ಲೆಟ್’ನ ಮೊದಲ ದೃಶ್ಯದಲ್ಲೇ ಪ್ರೇತವಿದೆ. ಡಿಕನ್ಸ್ ಅವರಂತೂ ಇನ್ನೂ ಮುಂದೆ ಹೋದವರು.

1865ರ ಜೂನ್ 9ರಂದು ಕೆಂಟ್ ಪ್ರಾಂತ್ಯದ ಸ್ಟೇಪಲ್‌ಹರ್ಸ್ಟ್ ಬಳಿ ಸೇತುವೆ ದುರಸ್ತಿಗೆಂದು ಹಳಿ ಕಿತ್ತಿದ್ದರು. ಮೇಸ್ತ್ರಿ ವೇಳಾಪಟ್ಟಿಯನ್ನು ತಪ್ಪಾಗಿ ಓದಿದ್ದ. ರೈಲು ಬಂದೇಬಿಟ್ಟಿತು, 10 ಮಂದಿ ಸತ್ತರು. ಡಿಕನ್ಸ್ ಇದ್ದ ಬೋಗಿ ಕೆಳಗೆ ಬೀಳದೆ ನೇತಾಡುತ್ತ ಉಳಿಯಿತು. ಅವರು ಹೊರಬಂದು ಟೋಪಿಯಲ್ಲಿ ನೀರು ತುಂಬಿ ತಂದು ಗಾಯಾಳುಗಳನ್ನು ಉಪಚರಿಸಿದರು. ಮರುವರ್ಷ ತಮ್ಮ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಗೆ ‘ದಿ ಸಿಗ್ನಲ್‌ಮ್ಯಾನ್’ ಬರೆದರು. ಸುರಂಗದ ಬಾಯಲ್ಲಿ ಒಬ್ಬಂಟಿ ನೌಕರ. ಒಂದು ಆಕೃತಿ ಕಾಣಿಸಿಕೊಂಡರೆ ಹಿಂದೆಯೇ ಸಾವು. ಅವನು ತಂತಿಯಲ್ಲಿ ‘ಅಪಾಯ’ ಎಂದು ಕಳಿಸಬಲ್ಲ. ಯಾವ ಅಪಾಯ, ಎಲ್ಲಿ ಎಂದು ಮೇಲಿನವರು ಕೇಳಿದರೆ ಏನೆಂದಾನು? ಹುಚ್ಚನೆಂದು ಕೆಲಸದಿಂದ ತೆಗೆಯುತ್ತಾರೆ. ಅಷ್ಟು ಜೀವಗಳ ಹೊಣೆ ಅವನ ತಲೆಯ ಮೇಲೆ, ಅವನ ಮಾತಿಗೆ ಮಾತ್ರ ಕವಡೆ ಕಾಸಿನ ಬೆಲೆಯಿಲ್ಲ. ರೈಲು ಯುಗದ ದುಡಿಮೆಗಾರನ ಸಂಕಟವನ್ನು ಇಷ್ಟು ಹತ್ತಿರದಿಂದ ಹಿಡಿದ ಕಥೆಯನ್ನು ‘ದೆವ್ವದ್ದು’ ಎಂದು ಬದಿಗಿಡಲು ನನಗೆ ಮನಸ್ಸಿಲ್ಲ.

ಬಿಬಿಸಿ 1976ರ ಕ್ರಿಸ್‌ಮಸ್‌ಗೆ ಇದನ್ನು ತೆರೆಗೆ ತಂದಾಗ ನಟ ಡೆನ್‌ಹೋಮ್ ಎಲಿಯಟ್ ಆ ನೌಕರರಾಗಿದ್ದರು. ಭೂತ ಕಾಣುವ ಮೊದಲೇ ಅವರ ನಿದ್ದೆಗೆಟ್ಟ ಮುಖ ನಮ್ಮನ್ನು ಹೆದರಿಸುತ್ತದೆ. ಅದು ಬಿಬಿಸಿಯ ಕ್ರಿಸ್‌ಮಸ್ ದೆವ್ವದ ಕಥೆಗಳ ಸರಣಿಯ ಒಂದು ಕಂತು. 1971ರಲ್ಲಿ ಆರಂಭವಾದ ಆ ಸರಣಿಯ ಹೆಚ್ಚಿನ ಕಥೆಗಳು ಎಂ. ಆರ್. ಜೇಮ್ಸ್ ಅವರವು. ಕೇಂಬ್ರಿಡ್ಜ್‌ನ ಈ ಘನ ವಿದ್ವಾಂಸರು ಕ್ರಿಸ್‌ಮಸ್ ದಿನಗಳಲ್ಲಿ ಗೆಳೆಯರನ್ನು ಕೂರಿಸಿಕೊಂಡು ತಮ್ಮ ಕಥೆಗಳನ್ನು ಓದಿ ಹೇಳುತ್ತಿದ್ದರು. ಪಾಂಡಿತ್ಯಕ್ಕೂ ಭಯಕ್ಕೂ ಅವರಲ್ಲಿ ಜಗಳವಿರಲಿಲ್ಲ.

ಜಗಳ ತಂದವರು ವಿಮರ್ಶಕರು. 1960ರಲ್ಲಿ ಮೈಕೇಲ್ ಪೊವೆಲ್ ‘ಪೀಪಿಂಗ್ ಟಾಮ್’ ಮಾಡಿದರು. ಸಾಯುವವರ ಭಯವನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವ ಕೊಲೆಗಾರನ ಕಥೆ. ನೋಡುತ್ತ ಕುಳಿತ ನಮ್ಮನ್ನೂ ಅದು ಪ್ರಶ್ನಿಸುತ್ತದೆ. ಪತ್ರಿಕೆಗಳು ಮುಗಿಬಿದ್ದವು. ಬ್ರಿಟನ್ನಿನ ಅತ್ಯುತ್ತಮ ನಿರ್ದೇಶಕರಲ್ಲೊಬ್ಬರ ವೃತ್ತಿಬದುಕೇ ಅಲ್ಲಿ ಮುರಿದುಬಿತ್ತು. ‘ಡ್ರಾಕುಲಾ’ ತೆಗೆದ ಹ್ಯಾಮರ್ ಸಂಸ್ಥೆಗೆ 1968ರಲ್ಲಿ ರಾಣಿಯ ಪ್ರಶಸ್ತಿ ಬಂದದ್ದು ಕೂಡ ಕಲೆಗಲ್ಲ, ರಫ್ತಿನ ಗಳಿಕೆಗೆ.

ನಮ್ಮಲ್ಲೂ ಈ ಪಂಕ್ತಿಭೇದವಿದೆ. ಪತ್ತೇದಾರಿ, ದೆವ್ವ ಎಂದೊಡನೆ ನಮ್ಮ ವಿಚಾರಸಂಕಿರಣಗಳು ಬಾಗಿಲು ಹಾಕಿಕೊಳ್ಳುತ್ತವೆ. ನಿಮ್ಮಂಥ ಬಲ್ಲ ಓದುಗರು ಆ ಬಾಗಿಲಿಗೆ ಅಗುಳಿಯಾಗುವುದು ನನಗೆ ನೋವು. ಡಿಕನ್ಸರ ಆ ಕಥೆ ಒಂದೇ ಕೂತಿಗೆ ಮುಗಿಯುವಷ್ಟು ಚಿಕ್ಕದು. ಓದಿ, ಮತ್ತೆ ಬರೆಯಿರಿ. ಆಗಲೂ ಒಪ್ಪದಿದ್ದರೆ ನಿಮ್ಮ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.

— ಸಂ.