ಟ್ರಂಕು ಕೊಡುವ ಮುಂಚೆ ಅತ್ತೆಗೊಂದು ಫೋನ್ ಮಾಡಿ

ಮೂಡಿಗೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕುತ್ತಿಲ್ಲ. ವಿಷಯ ಇಷ್ಟು. ಅವರ ಚಿಕ್ಕಪ್ಪ 70ರ ದಶಕದಲ್ಲಿ ಬೆಂಗಳೂರಿನ ರಾಕ್ ಬ್ಯಾಂಡೊಂದರಲ್ಲಿ ಗಿಟಾರ್ ನುಡಿಸುತ್ತಿದ್ದರು. ಆಮೇಲೆ ಬೊಂಬಾಯಿಗೆ ಹೋಗಿ ರೆಕಾರ್ಡ್ ಕಂಪನಿಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದರು. ಮದುವೆಯಾಗಲಿಲ್ಲ. ವಯಸ್ಸಾದ ಮೇಲೆ ತೋಟದ ಮನೆಗೇ ಬಂದರು. ಹೋದ ವರ್ಷ ತೀರಿಕೊಂಡರು. ಅಟ್ಟದ ಮೇಲೆ ಅವರ ಎರಡು ಕಬ್ಬಿಣದ ಟ್ರಂಕು ಇವೆ. ಒಂದರಲ್ಲಿ ಪೋಸ್ಟರು, ಟಿಕೆಟ್ಟು, ಫೋಟೋ, ವಿದೇಶಿ ಬ್ಯಾಂಡೊಂದರ ಸಹಿ ಇರುವ ಎಲ್‌ಪಿ ಕವರು, ಎಂಟು ಸ್ಪೂಲ್ ಟೇಪು. ಇನ್ನೊಂದರಲ್ಲಿ ಬರೀ ಕಾಗದ. ಕರಾರು ಪತ್ರಗಳು, ರಾಯಲ್ಟಿ ಲೆಕ್ಕದ ಕಾರ್ಬನ್ ಪ್ರತಿಗಳು, ಹಾಡುಗಾರರು ಬರೆದ ಪತ್ರಗಳು.

ಅವರ ಮಾತಲ್ಲೇ ಕೇಳಿ: "ಮುಂಬೈಯಿಂದ ಒಬ್ಬರು ಬಂದು ಎಲ್ಲ ಸೇರಿಸಿ ಒಂದೂವರೆ ಲಕ್ಷ ಕೊಡ್ತೀನಿ ಅಂದಿದ್ದಾರೆ. ತಮ್ಮ ಕೊಟ್ಟುಬಿಡೋಣ ಅಂತಾನೆ. ಅಮ್ಮ ಆ ಕಾಗದಗಳನ್ನು ಸುಟ್ಟುಬಿಡಿ ಅಂತಾರೆ. ಹರಾಜಿಗೆ ಹಾಕಿದರೆ ಜಾಸ್ತಿ ಸಿಗುತ್ತಾ? ಹಾಕೋದು ಸರಿಯಾ? ಮಗ ಗಿಟಾರ್ ತನಗೇ ಬೇಕು ಅಂತ ಕೂತಿದ್ದಾನೆ."

ನಿಮ್ಮ ಕಾಗದ ಓದಿದ ಮೇಲೆ ಎರಡು ದಿನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು. ಒಂದೂವರೆ ಲಕ್ಷಕ್ಕೆ ಕೊಡಬೇಡಿ. ಹರಾಜಿನಲ್ಲಿ ಅದಕ್ಕಿಂತ ಜಾಸ್ತಿ ಬಂದೇ ಬರುತ್ತೆ ಅಂತಲ್ಲ, ಕಡಿಮೆಯೂ ಬರಬಹುದು. ಒಳಗೆ ಏನೇನಿದೆ ಅಂತ ನಿಮಗೇ ಇನ್ನೂ ಪೂರ್ತಿ ಗೊತ್ತಿಲ್ಲ, ಅದಕ್ಕೆ.

ನೀವು ಕಾಫಿ ಬೆಳೆಯುವವರು. ಕಣದಲ್ಲಿ ಒಣಗಿದ ಚೆರ್ರಿಗೆ ಮನೆ ಬಾಗಿಲಿಗೆ ಬಂದವರು ಮೂಟೆ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. ಔಟ್‌ಟರ್ನ್ ನೋಡದೆ ಕೊಡ್ತೀರಾ? ಎಷ್ಟು ಕಾಳು ಬಿತ್ತು, ಎಷ್ಟು ಕಪ್ಪು, ಎಷ್ಟು ಬಿಟ್ಸ್, ಅಂದರೆ ಒಡೆದ ಚೂರು, ಅಂತ ನೋಡಿಯೇ ಅಲ್ವಾ ಮಾತು ಮುಂದುವರಿಯೋದು. ಟ್ರಂಕಿಗೂ ಅದೇ ಲೆಕ್ಕ. ಬಂದವರಿಗೆ ಒಳಗಿರುವುದು ಯಾವುದಕ್ಕೆ ಎಷ್ಟು ಅಂತ ಗೊತ್ತಿದೆ. ನಿಮಗೆ ಗೊತ್ತಿಲ್ಲ. "ಎಲ್ಲ ಸೇರಿಸಿ" ಅನ್ನುವ ಬೆಲೆ ಹುಟ್ಟೋದು ಅಲ್ಲಿಂದಲೇ.

ಆದರೆ ಬೆಲೆಗಿಂತ ಮುಂಚಿನ ಪ್ರಶ್ನೆಯೊಂದಿದೆ. ಟ್ರಂಕು ಯಾರದು?

ನಿಮ್ಮ ತಂದೆ ಮೊದಲೇ ಹೋಗಿದ್ದಾರೆ, ತಾತ ಅಜ್ಜಿ ಇಲ್ಲ, ಚಿಕ್ಕಪ್ಪ ವಿಲ್ ಬರೆದಿಲ್ಲ, ಹೊಳೆನರಸೀಪುರದಲ್ಲಿ ಒಬ್ಬರು ಸೋದರತ್ತೆ ಇದ್ದಾರೆ ಅಂತ ಬರೆದಿದ್ದೀರಿ. ಅದು ಒಂದೇ ಸಾಲು, ಮೂರನೇ ಪುಟದ ಕೊನೆಗೆ. ನನಗೆ ಇಡೀ ಕಾಗದದಲ್ಲಿ ದೊಡ್ಡದಾಗಿ ಕಂಡ ಸಾಲು ಅದೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ ಮಕ್ಕಳಿಲ್ಲದ, ತಂದೆ ತಾಯಿಯೂ ಇಲ್ಲದ ಗಂಡಸು ವಿಲ್ ಬರೆಯದೆ ಹೋದರೆ, ಬದುಕಿರುವ ಅಣ್ಣತಮ್ಮ, ಅಕ್ಕತಂಗಿಯರ ಹಕ್ಕು ಮೊದಲು. ಅಣ್ಣನ ಮಕ್ಕಳ ಸರದಿ ಅದಾದ ಮೇಲೆ. ಅಂದರೆ ಆ ಟ್ರಂಕು ನಿಮ್ಮದೂ ಅಲ್ಲ, ನಿಮ್ಮ ತಮ್ಮನದೂ ಅಲ್ಲ. ಅದು ಅತ್ತೆಯದು. ವಕೀಲರೊಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಅದಕ್ಕೂ ಮುಂಚೆ ಅತ್ತೆಗೆ ಫೋನ್ ಮಾಡಿ. ಕಾನೂನು ಹೇಳುತ್ತೆ ಅಂತ ಮಾತ್ರ ಅಲ್ಲ. ಅಣ್ಣನ ಫೋಟೋ ನೋಡುವ ಆಸೆ ಅವರಿಗೂ ಇರುತ್ತೆ.

ಇನ್ನೊಂದು, ಚಿಕ್ಕಪ್ಪ ಆಫೀಸಿನಿಂದ ತಂದ ಫೈಲುಗಳು. ತಮ್ಮ ಬ್ಯಾಂಡಿಗೆ ಸಂಬಂಧಿಸಿದ ಕರಾರು ಅವರ ಸ್ವಂತದ್ದು. ಬೇರೆಯವರ ಕರಾರಿನ ಆಫೀಸ್ ಪ್ರತಿ? ಅದು ಕಂಪನಿಯ ಆಸ್ತಿ ಆಗಿರಬಹುದು. ಅವರು ಬಿಟ್ಟು ಬರುವಾಗ ಕಂಪನಿಯವರೇ "ತೆಗೆದುಕೊಂಡು ಹೋಗಿ" ಅಂದರೋ, ಎಸೆಯಲು ಇಟ್ಟದ್ದನ್ನು ಇವರು ಎತ್ತಿಟ್ಟುಕೊಂಡರೋ? ಅದಕ್ಕೊಂದು ಚೀಟಿ ಇದೆಯಾ, ಹುಡುಕಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಈಗಲ್ಸ್ ಬ್ಯಾಂಡಿನ ಡಾನ್ ಹೆನ್ಲಿ ಕೈಬರಹದ ಹಾಡಿನ ಹಾಳೆಗಳು, ಸುಮಾರು 100 ಪುಟ, 70ರ ದಶಕದಲ್ಲಿ ಬ್ಯಾಂಡಿನ ಕಥೆ ಬರೆಯಲು ಬಂದ ಲೇಖಕರೊಬ್ಬರ ಕೈ ಸೇರಿದ್ದವು. ಆ ಪುಸ್ತಕ ಹೊರಬರಲೇ ಇಲ್ಲ. ಹಾಳೆಗಳು ಕೈ ಬದಲಿಸುತ್ತಾ ಹರಾಜಿನವರೆಗೂ ಹೋದವು. ಅವು ಕದ್ದ ಮಾಲು ಅಂತ ಹೆನ್ಲಿ, ಅವರೇ ಕೊಟ್ಟದ್ದು ಅಂತ ಎದುರಿನವರು. 2024ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಮೂರು ಜನರ ಮೇಲೆ ಕ್ರಿಮಿನಲ್ ವಿಚಾರಣೆ ನಡೆಯಿತು. ವಿಚಾರಣೆಯ ನಡುವೆ ಹೊಸ ಇಮೇಲುಗಳ ಕಂತೆ ಹೊರಬಂದು ಸರ್ಕಾರಿ ವಕೀಲರೇ ಕೇಸು ಕೈಬಿಟ್ಟರು. ಕೇಸು ಬಿತ್ತು, ಸರಿ. ಆದರೆ ಮೂರು ಜನ ಕಟಕಟೆಯಲ್ಲಿ ನಿಂತದ್ದು ನಿಜ ತಾನೆ? "ಇದನ್ನು ನಿನಗೆ ಕೊಟ್ಟಿದ್ದೇನೆ" ಅನ್ನುವ ಒಂದು ಸಾಲು ಸಹಿ ಸಮೇತ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮಾರೋದು ತಪ್ಪಾ? ಖಂಡಿತ ಅಲ್ಲ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ 2019ರಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರುಗಳನ್ನು ಬದುಕಿರುವಾಗಲೇ ಹರಾಜು ಹಾಕಿಸಿದರು. 2 ಕೋಟಿ 15 ಲಕ್ಷ ಡಾಲರ್ ಬಂತು. ಅದನ್ನು ಪರಿಸರದ ಕೆಲಸ ಮಾಡುವ ಸಂಸ್ಥೆಗೆ ಕೊಟ್ಟರು. ನನಗೆ ಅದರಲ್ಲಿ ಗೌರವವೇ ಕಾಣುತ್ತದೆ.

ಆದರೆ ಇಂಥ ಸುದ್ದಿ ಓದಿ ನಿಮ್ಮ ತಮ್ಮ ಲೆಕ್ಕ ಹಾಕಬಾರದು. ಜಾತ್ರೆಯಲ್ಲಿ ದೇವರ ಮುಂದಿನ ಬಾಳೆಗೊನೆ ಸವಾಲು ಹಾಕೋದು ನೋಡಿದ್ದೀರಲ್ಲ. ಸಂತೆಯ ಬೆಲೆಗೂ ಅಲ್ಲಿ ಕೂಗುವ ಬೆಲೆಗೂ ಸಂಬಂಧವೇ ಇರಲ್ಲ. ಭಕ್ತಿ ಇರುವ ಇಬ್ಬರು ಎದುರುಬದುರು ನಿಂತರೆ ಗೊನೆಗೆ ಸಾವಿರಗಟ್ಟಲೆ. ಒಬ್ಬರೇ ಇದ್ದರೆ ಐವತ್ತು ರೂಪಾಯಿ. ರಾಕ್ ಸಂಗೀತದ ಹರಾಜೂ ಹಾಗೇ. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ಹಾಕಿಕೊಂಡಿದ್ದ ಹಸಿರು ಸ್ವೆಟರು 2019ರಲ್ಲಿ 3 ಲಕ್ಷ 34 ಸಾವಿರ ಡಾಲರಿಗೆ ಹೋಯಿತು. ಕಲೆ, ಸಿಗರೇಟಿನ ತೂತು ಎಲ್ಲ ಇತ್ತು, ಒಗೆದೂ ಇರಲಿಲ್ಲ. ಅವರು 1993ರಲ್ಲಿ ಟೀವಿ ಕಾರ್ಯಕ್ರಮದಲ್ಲಿ ಹಾಕಿಕೊಂಡದ್ದು ಅದೇ ಅಂತ ಜಗತ್ತಿಗೇ ಗೊತ್ತಿತ್ತು. ವಸ್ತುವಿನ ಜಾತಕ ಸ್ಪಷ್ಟ ಇದ್ದರೆ ಬೆಲೆ. ಇಲ್ಲದಿದ್ದರೆ ಅದು ಹಳೇ ಸ್ವೆಟರು.

ನಿಮ್ಮ ಸಹಿಯ ಎಲ್‌ಪಿ ಕವರಿಗೂ ಇದೇ ಮಾತು. ಬ್ಯಾಂಡಿನ ಹೆಸರನ್ನು ನಾನು ಇಲ್ಲಿ ಹಾಕುತ್ತಿಲ್ಲ. ನೀವೂ ಊರಲ್ಲಿ ಯಾರಿಗೂ ಹೇಳಬೇಡಿ. ಸಹಿ ನಿಜವಾ ಅಂತ ಗೊತ್ತಾಗುವವರೆಗೆ ಅದಕ್ಕೆ ಬೆಲೆ ಕಟ್ಟಬೇಡಿ. ಇಂಗ್ಲೆಂಡಿನ ನಾಲ್ವರ ಬ್ಯಾಂಡು ಬೀಟಲ್ಸ್ ಜನಪ್ರಿಯತೆಯ ತುದಿಯಲ್ಲಿದ್ದಾಗ ಅವರ ಸಹಾಯಕರಾದ ನೀಲ್ ಆಸ್ಪಿನಾಲ್, ಮಾಲ್ ಇವಾನ್ಸ್ ಇಬ್ಬರೂ ನಾಲ್ವರ ಪರವಾಗಿ ಸಹಿ ಹಾಕುತ್ತಿದ್ದರು. ಮೋಸ ಮಾಡಲು ಅಲ್ಲ, ಕೇಳುವವರು ಅಷ್ಟು ಜನ ಇದ್ದರು. ಚಿಕ್ಕಪ್ಪ ಆ ಸಹಿ ಯಾವಾಗ, ಎಲ್ಲಿ ಹಾಕಿಸಿಕೊಂಡರು? ಅವರ ಡೈರಿಯಲ್ಲಿ ಒಂದು ಸಾಲು, ಜೊತೆಗಿನ ಒಂದು ಫೋಟೋ ಸಿಕ್ಕರೆ ಕವರಿನ ಜೊತೆಗೇ ಇಡಿ. ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸಿನ ಟಿಕೆಟ್ಟುಗಳು, 2003ರ ರೋಲಿಂಗ್ ಸ್ಟೋನ್ಸ್, 2007ರ ಐರನ್ ಮೇಡನ್ ಬ್ಯಾಂಡುಗಳ ಕಾರ್ಯಕ್ರಮದವು, ಇವುಗಳಿಂದ ದುಡ್ಡು ಬರಲ್ಲ. ಸಾವಿರಾರು ಜನರ ಹತ್ತಿರ ಇರುತ್ತವೆ. ವಯಸ್ಸಾದ ಮೇಲೂ ಮೂಡಿಗೆರೆಯಿಂದ ಬಸ್ಸು ಹತ್ತಿ ಹೋಗಿ ನೋಡಿ ಬಂದರಲ್ಲ, ಆ ಟಿಕೆಟ್ಟು ಮನೆಯಲ್ಲೇ ಇರಲಿ. ನಿಮ್ಮ ಪಟ್ಟಿಯಲ್ಲಿ ಸಿಮ್ಲಾ ಬೀಟ್ ಅಂತ ಬರೆದ ಹ್ಯಾಂಡ್‌ಬಿಲ್ಲು ಇದೆ, ಅದು ಬೇರೆ ಮಾತು. ಸಿಗರೇಟು ಕಂಪನಿ ನಡೆಸಿದ ಬ್ಯಾಂಡುಗಳ ಸ್ಪರ್ಧೆ ಅದು. 1970 ಮತ್ತು 1971ರ ಸ್ಪರ್ಧೆಯ ಹಾಡುಗಳು ಎಲ್‌ಪಿಯಾಗಿ ಬಂದವು. ಅವುಗಳ ಮೂಲ ಪ್ರತಿಯನ್ನು ಇವತ್ತು ವಿದೇಶದವರೂ ಹುಡುಕುತ್ತಾರೆ. ಹ್ಯಾಂಡ್‌ಬಿಲ್ಲನ್ನು ಜೋಪಾನ ಮಾಡಿ.

ಈಗ ಎರಡನೇ ಟ್ರಂಕಿಗೆ ಬರುತ್ತೇನೆ. ನಿಮ್ಮ ಮನೆಯವರೆಲ್ಲ ರದ್ದಿ ಅಂದುಕೊಂಡಿರುವುದು ಅದನ್ನೇ.

ಬೀಟಲ್ಸ್ ನಾಲ್ವರೂ 1962ರ ಜನವರಿಯಲ್ಲಿ ತಮ್ಮ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಜೊತೆ ಮೊದಲ ಕರಾರು ಮಾಡಿಕೊಂಡರು. ಇವರು ಸಹಿ ಹಾಕಿದರು, ಎಪ್‌ಸ್ಟೀನ್ ಹಾಕಲಿಲ್ಲ. ಟೈಪ್ ಮಾಡಿದ ಕೆಲವು ಹಾಳೆ, ಅಷ್ಟೆ. 2019ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಅದಕ್ಕೆ ಬಂದದ್ದು 2 ಲಕ್ಷ 75 ಸಾವಿರ ಪೌಂಡ್. ನಿಮ್ಮ ಕರಾರುಗಳಿಗೆ ಅಷ್ಟು ಬರಲ್ಲ, ಹತ್ತಿರವೂ ಬರಲ್ಲ. ಆದರೆ ನನ್ನ ಮಟ್ಟಿಗೆ ಅವುಗಳ ತೂಕ ಕಡಿಮೆಯಲ್ಲ. ಆ ಕಾಲದ ಬೆಂಗಳೂರಿನ ಬ್ಯಾಂಡುಗಳಲ್ಲಿ ರೆಕಾರ್ಡ್ ಹೊರತಂದವರು ಬೆರಳೆಣಿಕೆ. ಹೋಟೆಲಿನಲ್ಲಿ, ಕ್ಲಬ್ಬಿನಲ್ಲಿ, ಕಾಲೇಜಿನಲ್ಲಿ ನುಡಿಸಿದರು, ಆ ಸದ್ದು ಅಲ್ಲಿಗೇ ಹೋಯಿತು. ಒಂದು ರಾತ್ರಿಗೆ ಎಷ್ಟು ಕೊಟ್ಟರು, ಸ್ಪೀಕರಿನ ಬಾಡಿಗೆ ಎಷ್ಟು, ಐದು ಜನಕ್ಕೆ ಹೇಗೆ ಹಂಚಿದರು? ಇದನ್ನೆಲ್ಲ ಹೇಳೋದು ನಿಮ್ಮ ಅಟ್ಟದ ಮೇಲಿನ ಕಾಗದ. ರಾಯಲ್ಟಿ ಲೆಕ್ಕ ಇನ್ನೂ ಮುಖ್ಯ. ಹಾಡು ಬರೆದವರು, ರಾಗ ಹಾಕಿದವರು ಒಂದು ಸಲ ಸಹಿ ಹಾಕಿ ಎಲ್ಲ ಹಕ್ಕನ್ನೂ ಕಳೆದುಕೊಳ್ಳುವುದು ನಮ್ಮಲ್ಲಿ ಮಾಮೂಲಾಗಿತ್ತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಸಿನಿಮಾ ಹಾಡಿಗೆ ಥಿಯೇಟರಿನ ಆಚೆ ಬರುವ ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನು ಅವರು ಬರೆದುಕೊಡುವಂತೆಯೇ ಇಲ್ಲ ಅಂತಾಯಿತು. ಅದಕ್ಕೂ ಮುಂಚೆ ಏನು ನಡೆಯುತ್ತಿತ್ತು ಅನ್ನೋದಕ್ಕೆ ನಿಮ್ಮ ಕಾರ್ಬನ್ ಪ್ರತಿಗಳು ಸಾಕ್ಷಿ. ಯಾರದೋ ಮೊಮ್ಮಕ್ಕಳಿಗೆ ನಾಳೆ ಅದೇ ಆಧಾರ ಆಗಬಹುದು.

ಎರಡು ದಿನ ನನಗೆ ಮನಸ್ಸು ನಿಲ್ಲಲಿಲ್ಲ ಅಂದೆನಲ್ಲ. ನಮ್ಮ ತಂದೆ ಹಾಸನದಲ್ಲಿ ಕಂಪನಿ ನಾಟಕದ ಲೆಕ್ಕ ಬರೆಯುತ್ತಿದ್ದರು. ಟಿಕೆಟ್ ಕಲೆಕ್ಷನ್ನು, ನಟರ ಸಂಬಳ, ಮುಂಗಡ, ಹಾರ್ಮೋನಿಯಂ ರಿಪೇರಿ ಎಲ್ಲ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ. ಅವರು ತೀರಿಕೊಂಡ ವರ್ಷವೇ ನಾವು ಮನೆ ಬದಲಿಸಿದೆವು. ಪುಸ್ತಕಗಳನ್ನು ನಾನೇ ಕೈಯಾರೆ ಗುಜರಿಗೆ ತೂಗಿ ಹಾಕಿದೆ. ಹನ್ನೊಂದು ಕೆಜಿ. ಹತ್ತು ವರ್ಷ ಕಳೆದು ರಂಗಭೂಮಿಯ ಬಗ್ಗೆ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದು, "ಸಾರ್, ಹೆಣ್ಣು ಪಾತ್ರ ಮಾಡೋರಿಗೆ ಎಷ್ಟು ಸಂಬಳ ಕೊಡ್ತಿದ್ರು ಅಂತ ಎಲ್ಲಾದರೂ ಬರೆದಿಟ್ಟಿದ್ದಾರಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ನಮ್ಮ ಮನೆಯಲ್ಲೇ ಇತ್ತು.

ಅದಕ್ಕೇ ಬೇಡಿಕೊಳ್ಳುತ್ತೇನೆ, ಕಾಗದದ ಟ್ರಂಕನ್ನು ಚೆದುರಿಸಬೇಡಿ. ಕ್ವೀನ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ, ನಮ್ಮ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ, 1991ರಲ್ಲಿ ತೀರಿಕೊಂಡ ಮೇಲೆ ಅವರ ಮನೆಯ ಸಾಮಾನು ಮೂವತ್ತು ವರ್ಷ ಹಾಗೇ ಇತ್ತು. 2023ರಲ್ಲಿ ಬಹುತೇಕ ಎಲ್ಲ ಹರಾಜಾಯಿತು. ಪಿಯಾನೋ ಒಂದಕ್ಕೇ 17 ಲಕ್ಷ ಪೌಂಡಿಗೂ ಮೇಲೆ. ಪಿಯಾನೋ ಯಾರ ಮನೆಯಲ್ಲಿದ್ದರೂ ಪಿಯಾನೋ. ಆದರೆ ಹಾಡು ಕಟ್ಟುವಾಗ ಗೀಚಿದ, ಹೊಡೆದು ಹಾಕಿದ, ಮತ್ತೆ ಬರೆದ ಹಾಳೆಗಳನ್ನು ಒಟ್ಟಿಗೆ ಒಂದು ಮೇಜಿನ ಮೇಲೆ ಹರಡಿ ನೋಡುವ ಅವಕಾಶ ಮುಗಿದೇ ಹೋಯಿತು. ನನಗೆ ಇವತ್ತಿಗೂ ಅದು ಸಂಕಟ.

ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಿಂದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಅನ್ನುವ ಸಂಗೀತದ ಮ್ಯೂಸಿಯಂ ಇದೆ. ಅತ್ತೆ ಒಪ್ಪಿದರೆ ಮ್ಯೂಸಿಯಂನವರಿಗೊಂದು ಕಾಗದ ಬರೆಯಿರಿ, ಪಟ್ಟಿ ಕಳಿಸಿ. ಅವರು ಬೇಡ ಅಂದರೂ ಒಂದೊಂದು ಹಾಳೆಯನ್ನೂ ಸ್ಕ್ಯಾನ್ ಮಾಡಿಸಿ. ಪೋಸ್ಟರು, ಎಲ್‌ಪಿ ಕವರು ಹರಾಜಿಗೆ ಹೋಗಲಿ, ನನ್ನ ಅಡ್ಡಿಯಿಲ್ಲ.

ಖಾಸಗಿ ಪತ್ರಗಳ ವಿಷಯದಲ್ಲಿ ನಿಮ್ಮ ಅಮ್ಮನ ಮನಸ್ಸು ನನಗೆ ಅರ್ಥವಾಗುತ್ತೆ. ಒಬ್ಬ ಹಾಡುಗಾರ ಹೆಂಡತಿಯ ಆಸ್ಪತ್ರೆ ಖರ್ಚಿಗೆ ಇನ್ನೂರು ರೂಪಾಯಿ ಕೇಳಿ ಬರೆದದ್ದನ್ನು ಗೊತ್ತಿಲ್ಲದವರ ಮುಂದೆ ಕೂಗಿ ಮಾರಬಾರದು. ಆದರೆ ಸುಡಲೂಬಾರದು. ಕಾನೂನಿನಲ್ಲೂ ಇದು ಎರಡು ಭಾಗ. ಕಾಗದ ಪಡೆದವರದು, ಬರೆದ ಮಾತು ಬರೆದವರದು. 1957ರ ಕಾಪಿರೈಟ್ ಕಾಯ್ದೆಯಂತೆ ಬರೆದವರು ಹೋದ ಮೇಲೂ ಕನಿಷ್ಠ 60 ವರ್ಷ ಆ ಹಕ್ಕು ಅವರ ವಾರಸುದಾರರದು. ಅವರ ಮನೆಯವರು ಸಿಕ್ಕರೆ ಪತ್ರ ಅವರಿಗೇ ಮುಟ್ಟಿಸಿ. ಸಿಗದಿದ್ದರೆ ಕವರಿನಲ್ಲಿಟ್ಟು ಮುಚ್ಚಿ, ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು, ವರ್ಷ ಬರೆದಿಡಿ.

ಹರಾಜಿಗೆ ಹಾಕುವುದಾದರೆ ಮೂರು ಕಡೆ ಬೆಲೆ ಕೇಳಿ. ಇದಕ್ಕಿಂತ ಕೆಳಗೆ ಕೊಡಲ್ಲ ಅನ್ನುವ ಕನಿಷ್ಠ ಬೆಲೆಯನ್ನು ಬರಹದಲ್ಲಿ ಹಾಕಿಸಿ. ಮಾರುವವರಿಂದ ಕಮಿಷನ್ನು ಹಿಡಿಯುತ್ತಾರೆ, ಕೊಳ್ಳುವವರಿಂದಲೂ ಕೂಗಿದ ಬೆಲೆಯ ಮೇಲೆ ಸುಮಾರು ಕಾಲು ಭಾಗ ಪಡೆಯುವುದು ದೊಡ್ಡ ಹರಾಜು ಮನೆಗಳ ರೂಢಿ. ಪೇಪರಿನಲ್ಲಿ ಬರುವ ಬೆಲೆ ಸಾಮಾನ್ಯವಾಗಿ ಅದನ್ನೂ ಸೇರಿಸಿದ್ದು. ಅಷ್ಟೂ ನಿಮ್ಮ ಕೈಗೆ ಬರಲ್ಲ.

ಇದಕ್ಕೆಲ್ಲ ಸಮಯ ಹಿಡಿಯುತ್ತೆ, ಮಳೆ ಕಾಯಲ್ಲ. ಮೂಡಿಗೆರೆ ಮಳೆಯ ಬಗ್ಗೆ ನಾನು ನಿಮಗೆ ಹೇಳಬೇಕಾ? ಟ್ರಂಕನ್ನು ಇವತ್ತೇ ಅಟ್ಟದಿಂದ ಇಳಿಸಿ. ನೆಲಕ್ಕೆ, ಗೋಡೆಗೆ ತಾಗದಂತೆ ಇಡಿ. ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ಬಿಡಿಸಿ. ಹರಿದಲ್ಲಿ ಅಂಟಿನ ಟೇಪು ಹಚ್ಚಬೇಡಿ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ನೆರಳಲ್ಲಿ ಗಾಳಿಗಿಡಿ. ಎಲ್‌ಪಿಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ. ಸ್ಪೂಲ್ ಟೇಪುಗಳನ್ನು ಯಾರದೋ ಹಳೇ ಮೆಷಿನ್ನಿಗೆ ಹಾಕಿ ನೋಡಬೇಡಿ. ಹಳೇ ಟೇಪಿನ ಲೇಪ ಅಂಟಾಗಿ ಕಿತ್ತು ಬರುವುದುಂಟು, ಇರುವ ಒಂದೇ ಪ್ರತಿ ಹೋಗುತ್ತೆ. ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಉಳಿದದ್ದು ಗಿಟಾರ್. ನೀವು ಕಳಿಸಿದ ಫೋಟೋ ನೋಡಿದೆ. ಅತ್ತೆ ಹೂಂ ಅಂದರೆ ಮಗನಿಗೇ ಕೊಡಿ, ನುಡಿಸಲಿ. ಚಿಕ್ಕಮಗಳೂರಿಗೆ ಬಂದಾಗ ಹೊಸ ತಂತಿ ಹಾಕಿಸಿ. ಬಿಚ್ಚಿದ ಹಳೇ ತಂತಿಯನ್ನು ಬಿಸಾಡಬೇಡಿ, ಒಂದು ಕವರಿನಲ್ಲಿ ಹಾಕಿ ಪಟ್ಟಿಗೆ ಸೇರಿಸಿ.