ಹೆರಿಗೆ ನೋವಿನಲ್ಲಿ ಮಲಗಿಯೇ ಇರಬೇಕಾ? ಬರ್ತಿಂಗ್ ಬಾಲ್ ಕೊಳ್ಳಬೇಕಾ?

ತಂಗಿ, ನೈಟ್ ಡ್ಯೂಟಿ ಮುಗಿಸಿ ಬಂದು ನಿಮ್ಮ ಪ್ರಶ್ನೆ ನೋಡಿದೆ. ಎಂಟು ತಿಂಗಳು ತುಂಬಿದೆ, ಚೊಚ್ಚಲು, ಹೆರಿಗೆಗೆ ತವರುಮನೆ ಗಂಗಾವತಿಗೆ ಬಂದಿದ್ದೀರಿ. ಬೆಂಗಳೂರಿನ ಗೆಳತಿ ‘ಬರ್ತಿಂಗ್ ಬಾಲ್ (ನೋವಿನ ಹೊತ್ತಿನಲ್ಲಿ ಕೂತು ಒರಗುವ, ಗಾಳಿ ತುಂಬಿದ ದೊಡ್ಡ ಚೆಂಡು) ತಗೋ, ಮಲಗಿ ಹೆರಬೇಡ’ ಅಂದಿದ್ದಾಳೆ. ಅತ್ತೆ ‘ಸಿಸ್ಟರ್ ಹೇಳಿದಂಗ ಸುಮ್ನ ಮಲಕೋ’ ಅಂದಿದ್ದಾರೆ. ಯಾರ ಮಾತು ಕೇಳಲಿ, ಬಾಲ್‌ಗೆ ದುಡ್ಡು ಹಾಕಲೇ ಎಂದು ಕೇಳಿದ್ದೀರಿ. ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಲೇಬರ್ ರೂಮಿನಲ್ಲಿ 16 ವರ್ಷದಿಂದ ಸ್ಟಾಫ್ ನರ್ಸ್. ನಾನೂ ಎರಡು ಹೆತ್ತಿದ್ದೇನೆ.

ಗೆಳತಿಯ ಮಾತು ಮುಕ್ಕಾಲು ಪಾಲು ಸರಿ. ಆದರೆ ಬಾಲ್ ತರುವ ಮುಂಚೆ ಎರಡು ಸಂಗತಿ ಖಾತ್ರಿ ಮಾಡಿಕೊಳ್ಳಿ: ನೋವಿನ ಹೊತ್ತಿನಲ್ಲಿ ನಿಮ್ಮ ಪಕ್ಕ ಯಾರು ಇರುತ್ತಾರೆ, ಎದ್ದು ಓಡಾಡಲು ಬಿಡುತ್ತಾರಾ. ಇವೆರಡೂ ಇದ್ದರೆ ಬಾಲ್ ಇಲ್ಲದೆಯೂ ನಡೆಯುತ್ತದೆ.

ನನ್ನ ಮೊದಲ ಹೆರಿಗೆಯಲ್ಲಿ ನೋವು ಶುರುವಾದಾಗಿನಿಂದ ಕಿರಿದಾದ ಟೇಬಲ್ ಮೇಲೆ ಅಂಗಾತ ಮಲಗಿಸಿಟ್ಟಿದ್ದರು. ಮಗ್ಗುಲಾದರೆ ಬೈಗುಳ. ಅವ್ವ ಬಾಗಿಲ ಹೊರಗೆ ಅಳುತ್ತಿದ್ದದ್ದು ಕೇಳುತ್ತಿತ್ತು, ಒಳಗೆ ಬಿಡಲಿಲ್ಲ. ಆಗ ನಾನೂ ನರ್ಸಿಂಗ್ ಓದಿದವಳೇ, ಆದರೂ ಬಾಯಿ ಬಿಡಲಿಲ್ಲ. ಆ ರಾತ್ರಿ ನನಗೆ ಇನ್ನೂ ಮರೆತಿಲ್ಲ.

ಅಂಗಾತ ಮಲಗಿದಾಗ ತುಂಬಿದ ಹೊಟ್ಟೆಯ ಭಾರ ಬೆನ್ನುಮೂಳೆಯ ಮುಂದೆ ಹಾದುಹೋಗುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಕಾಲಿನ ಕಡೆಯಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಾಯಿಗೆ ತಲೆ ಸುತ್ತುತ್ತದೆ, ಬೆವರು ಬರುತ್ತದೆ, ಕೂಸಿಗೆ ಹೋಗುವ ರಕ್ತವೂ ಇಳಿಯುತ್ತದೆ. ಇನ್ನೊಂದು, ಕೂಸಿನ ತಲೆ ಇಳಿಯುವಾಗ ಬಾಲದೆಲುಬು ಹಿಂದಕ್ಕೆ ಸರಿದು ದಾರಿ ಬಿಡಬೇಕು. ಅದನ್ನು ಮಂಚಕ್ಕೆ ಒತ್ತಿಟ್ಟರೆ ಸರಿಯುವುದಾದರೂ ಎಲ್ಲಿಗೆ? ಮೊದಲ ಹಂತದಲ್ಲಿ, ಅಂದರೆ ಗರ್ಭದ ಬಾಯಿ ಪೂರ್ತಿ ತೆರೆಯುವವರೆಗೆ, ನಿಂತು, ಕೂತು, ಓಡಾಡಿದವರಿಗೆ ಆ ಹಂತ ಸುಮಾರು 1 ಗಂಟೆ 22 ನಿಮಿಷ ಬೇಗ ಮುಗಿಯಿತು, ಸಿಸೇರಿಯನ್ನೂ ಕಡಿಮೆಯಾಯಿತು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ಕೊಕ್ರೇನ್ ವಿಮರ್ಶೆ ಹೇಳಿದೆ. ನೋವು ತಿನ್ನುವವಳಿಗೆ 1 ಗಂಟೆ 22 ನಿಮಿಷ ಅಂದರೆ ಎಷ್ಟು ಅಂತ ಹೆತ್ತವರಿಗೇ ಗೊತ್ತು.

ಹೋದ ಮಳೆಗಾಲದಲ್ಲಿ ಭತ್ತದ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳು ರಾತ್ರಿ ಬಂದಿದ್ದಳು. ನಿಮ್ಮ ಹಾಗೆ ಚೊಚ್ಚಲು. ಗರ್ಭದ ಬಾಯಿ 6 ಸೆಂಟಿಮೀಟರ್‌ಗೆ ಬಂದು ಮುಂದೆ ಹೋಗಲೊಲ್ಲದು. ‘ಅಕ್ಕಾ, ಮಲಗಿದ್ರ ಟೊಂಕ ಸೀಳಿದಂಗ ಆಕ್ಕೈತ್ರಿ’ ಅಂತ ಒಂದೇ ಸಮ ಅನ್ನುತ್ತಿದ್ದಳು. ಎಬ್ಬಿಸಿದೆ. ಹೋಗಿ ಕಿಟಕಿಯ ಸರಳು ಹಿಡಿದು, ಹಣೆ ಅದಕ್ಕೆ ಊರಿ ನಿಂತಳು. ನೋವು ಏರಿದಾಗ ಮೊಣಕಾಲು ಮಡಿಸಿ ಸರಳಿಗೆ ಜೋತುಬೀಳುವುದು, ಇಳಿದಾಗ ಎದ್ದು ಸೊಂಟ ಅತ್ತಿತ್ತ ಆಡಿಸುವುದು. ಯಾರೂ ಹೇಳಿಕೊಟ್ಟದ್ದಲ್ಲ. ಅವರವ್ವ ಹಿಂದೆ ನಿಂತು ಅಂಗೈಯ ಬುಡದಿಂದ ಟೊಂಕದ ಕೆಳಗೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಅರ್ಧ ಗಂಟೆಗೊಮ್ಮೆ ನಿಂತಲ್ಲೇ ಡಾಪ್ಲರ್ ಇಟ್ಟು ಕೂಸಿನ ಎದೆಬಡಿತ ನೋಡುತ್ತಿದ್ದೆ, ಅದಕ್ಕೆ ಮಲಗಿಸಲೇಬೇಕು ಅಂತೇನಿಲ್ಲ. ಎರಡೂವರೆ ತಾಸಿಗೆ ಬಾಯಿ ಪೂರ್ತಿ ತೆರೆಯಿತು. ಅವಳ ಅಂಗೈ ನೋಡಿದೆ, ಸರಳಿನ ತುಕ್ಕು ಹತ್ತಿ ಕೆಂಪಾಗಿತ್ತು.

ಇನ್ನು ಬಾಲ್. ಆಟದ ಸಾಮಾನಿನ ಅಂಗಡಿಯಲ್ಲಿ ಜಿಮ್ ಬಾಲ್ ಅಂತ ಸಿಗುವುದೂ ಇದೇ. ಎತ್ತರ 5 ಅಡಿ 3 ಇಂಚಿನ ಒಳಗಿದ್ದರೆ ಸಾಮಾನ್ಯವಾಗಿ 55 ಸೆಂಟಿಮೀಟರ್, ಅದಕ್ಕೂ ಹೆಚ್ಚಿದ್ದರೆ 65. ಕೂತಾಗ ಮೊಣಕಾಲು ಸೊಂಟಕ್ಕಿಂತ ತುಸು ಕೆಳಗಿರಬೇಕು, ಪಾದ ಪೂರ್ತಿ ನೆಲಕ್ಕೆ ಊರಿರಬೇಕು. ಚೂಪಾದದ್ದು ತಾಗಿದರೆ ಒಮ್ಮೆಲೇ ಒಡೆಯದೆ ನಿಧಾನ ಗಾಳಿ ಬಿಡುವಂಥದ್ದನ್ನೇ ಕೇಳಿ. ಟೈಲ್ಸ್ ಮೇಲೆ ಬೇಡ, ಕೆಳಗೆ ಚಾಪೆ ಇರಲಿ. ಬರಿಗಾಲಲ್ಲಿ ಕೂಡಿ, ಹಿಂದೆ ಒಬ್ಬರು ಇರಲೇಬೇಕು. ಜಿಗಿಯುವುದಕ್ಕಲ್ಲ ಅದು, ಸೊಂಟ ಗುಂಡಗೆ ತಿರುಗಿಸುವುದಕ್ಕೆ, ಮೊಣಕಾಲೂರಿ ಅದರ ಮೇಲೆ ಎದೆ ಒರಗಿಸುವುದಕ್ಕೆ. ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂತು, ಕುರ್ಚಿಯ ಬೆನ್ನಿಗೆ ದಿಂಬಿಟ್ಟು ಅದಕ್ಕೆ ಎದೆ ಒರಗಿಸಿದರೂ ಇದರ ಬಹುಪಾಲು ಆರಾಮ ಸಿಗುತ್ತದೆ.

ಕಡಲೆಕಾಯಿ ಆಕಾರದ ಪೀನಟ್ ಬಾಲ್ ಅಂತ ಇನ್ನೊಂದಿದೆ, ಮಗ್ಗುಲಾಗಿ ಮಲಗಿದಾಗ ಮೊಣಕಾಲುಗಳ ನಡುವೆ ಇಡುವುದು. ನಾನು ಅದರ ಬದಲು ಕೌದಿ ಸುತ್ತಿ ಇಡಿಸುತ್ತೇನೆ. ನಿಮ್ಮ ಅಜ್ಜಿ ಹೊಲಿದ ಹಳೆಯ ಕೌದಿಯನ್ನು ಒಗೆದು ಬಿಸಿಲಿಗೆ ಒಣಗಿಸಿ ಆಸ್ಪತ್ರೆ ಚೀಲದಲ್ಲಿ ಹಾಕಿಕೊಳ್ಳಿ. ದಪ್ಪ ಇರುತ್ತದೆ, ಜಾರುವುದಿಲ್ಲ.

ಗರ್ಭದ ಬಾಯಿ 5 ಸೆಂಟಿಮೀಟರ್ ಆಗುವವರೆಗೆ ಸಕ್ರಿಯ ಹೆರಿಗೆ ಶುರುವಾಯಿತು ಅನ್ನುವುದಿಲ್ಲ. ಅಲ್ಲಿಯವರೆಗೆ ವರಾಂಡದಲ್ಲಿ ನಡೆಯಿರಿ, ಮಜ್ಜಿಗೆ, ಗಂಜಿ ಕುಡಿಯಿರಿ, ನಿದ್ದೆ ಬಂದರೆ ಮಲಗಿ. ಎರಡು ತಾಸಿಗೊಮ್ಮೆ ಉಚ್ಚೆಗೆ ಹೋಗಿ. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತಾಗ ಕೂಸು ಇಳಿಯಲೂ ಅನುಕೂಲ. ಆದರೆ ಒಳಗಿನಿಂದ ಚಿಲಕ ಹಾಕಬೇಡಿ, ‘ಎರಡಕ್ಕೆ ಬಂದಂಗ ಆಗೈತಿ’ ಅನ್ನಿಸಿದ ಕೂಡಲೇ ಕೂಗಿ. ಎಷ್ಟೋ ಸಲ ಅದು ಕೂಸಿನ ತಲೆ.

ಮುಕ್ಕುವ ಹಂತದ, ಅಂದರೆ ಕೂಸನ್ನು ಹೊರಗೆ ದಬ್ಬಲು ತಿಣುಕುವ ಹೊತ್ತಿನ ವಿಷಯ ಬೇರೆ. ನಮ್ಮಜ್ಜಿ ಹೇಳುತ್ತಿದ್ದರು, ಆಗ ತೊಲೆಗೆ ಹಗ್ಗ ಕಟ್ಟಿ ಹಿಡಿಸಿ, ಕುಕ್ಕರುಗಾಲಲ್ಲಿ ಕೂಡಿಸಿ ಹೆರಿಸುತ್ತಿದ್ದರಂತೆ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಮಂಚಕ್ಕೆ ಅಡ್ಡಸರಳು ಹಾಕಿರುತ್ತಾರೆ, ನಡುವೆ ತೆರವಿರುವ ಹೆರಿಗೆ ಸ್ಟೂಲ್ ಇಟ್ಟಿರುತ್ತಾರೆ, ಕೆಲಸ ಅದೇ. ಕುಕ್ಕರುಗಾಲಲ್ಲಿ ದಾರಿ ಅಗಲವಾಗುವುದು ನಿಜ, ಕತ್ತರಿ ಹಾಕಿ ಹೊಲಿಯುವುದೂ ಕಡಿಮೆ. ಆದರೆ ನೇರ ಕೂತು ಹೆತ್ತವರಲ್ಲಿ 500 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಹೋಗುವುದು ಸ್ವಲ್ಪ ಜಾಸ್ತಿ ಕಂಡಿದೆ. ನಮ್ಮ ಕಡೆಯ ಬಸುರಿಯರಲ್ಲಿ ರಕ್ತಹೀನತೆ ಹೆಚ್ಚು. ಅದಕ್ಕೇ ಹಿಮೋಗ್ಲೋಬಿನ್ ಕಡಿಮೆ ಇದ್ದವರನ್ನು ನಾನು ಸ್ಟೂಲ್ ಮೇಲೆ ಕೂಡಿಸುವುದಿಲ್ಲ, ಮಗ್ಗುಲಾಗಿ ಮಲಗಿಸಿ ಹೆರಿಸುತ್ತೇನೆ. ಮೇಲಿನ ಕಾಲನ್ನು ಅವರವ್ವ ಹಿಡಿದುಕೊಳ್ಳುತ್ತಾರೆ. ಬಾಲದೆಲುಬಿಗೂ ಜಾಗ ಸಿಗುತ್ತದೆ, ತಲೆ ನಿಧಾನವಾಗಿ ಬರುತ್ತದೆ, ರಕ್ತ ಎಷ್ಟು ಹೋಗುತ್ತಿದೆ ಅಂತ ನನ್ನ ಕಣ್ಣಿಗೂ ಕಾಣುತ್ತದೆ. ಕೂಸು ಬಂದ ಒಂದು ನಿಮಿಷದೊಳಗೆ, ರಕ್ತ ಹೆಚ್ಚು ಹೋಗದಂತೆ, ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್, ಆಮೇಲೆ ಮಾಸು. ನಿಮ್ಮ ಹಿಮೋಗ್ಲೋಬಿನ್ ಎಷ್ಟು ಅಂತ ತಾಯಿ ಕಾರ್ಡ್‌ನಲ್ಲಿ ನೋಡಿಕೊಳ್ಳಿ, ಬಾಲ್‌ಗಿಂತ ಮೊದಲು ಅದರ ಚಿಂತೆ ಮಾಡಿ.

ಯಾವ ಭಂಗಿಯಲ್ಲಿದ್ದರೂ ಬಾಯಿ ಪೂರ್ತಿ ತೆರೆಯುವ ಮುಂಚೆ ಮುಕ್ಕಬೇಡಿ. ಹೊಟ್ಟೆಯ ಮೇಲೆ ಕೈಯೂರಿ ಒತ್ತಲು ಯಾರಿಗೂ, ನನ್ನಂಥ ಸಿಸ್ಟರಿಗೂ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೂ ಅದನ್ನು ಬೇಡ ಅನ್ನುತ್ತದೆ.

ಮಲಗಲೇಬೇಕಾದ ಸಂದರ್ಭಗಳೂ ಇವೆ, ಆಗ ಹಟ ಮಾಡಬೇಡಿ. ರಕ್ತ ಹೋಗುತ್ತಿದ್ದರೆ, ಕೂಸಿನ ಎದೆಬಡಿತ ಇಳಿದರೆ, ಬಿಪಿ ಹೆಚ್ಚಾಗಿ ಫಿಟ್ಸ್ ಬರದಂತೆ ಮ್ಯಾಗ್ನೀಷಿಯಂ ಕೊಟ್ಟಿದ್ದರೆ, ಕೂಸಿನ ತಲೆ ಇನ್ನೂ ಮೇಲೆಯೇ ಇದ್ದು ನೀರು ಹೋಗಿದ್ದರೆ. ಕೊನೆಯದರಲ್ಲಿ ಹೊಕ್ಕುಳಬಳ್ಳಿ ಮುಂದೆ ಜಾರುವ ಭಯ ಇರುತ್ತದೆ. ಆಗಲೂ ಸಾಮಾನ್ಯವಾಗಿ ಅಂಗಾತ ಬೇಕಿಲ್ಲ, ಎಡ ಮಗ್ಗುಲು ಸಾಕು.

ಅತ್ತೆಯವರಿಗೆ ಒಂದು ಮಾತು ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಜೊತೆಗಾರ್ತಿಯನ್ನು ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ತಾನೂ ಹೆತ್ತಿರುವ, ಅಂಟುರೋಗವಿಲ್ಲದ, ಶುಭ್ರ ಬಟ್ಟೆ ತೊಟ್ಟ ಹೆಂಗಸು ಒಳಗೆ ಇರಬಹುದು. ಲೇಬರ್ ರೂಮುಗಳ ಗುಣಮಟ್ಟ ಸುಧಾರಿಸಲು ತಂದ 2017ರ ಲಕ್ಷ್ಯ ಕಾರ್ಯಕ್ರಮದಲ್ಲೂ ಜೊತೆಗಾರ್ತಿ ಮತ್ತು ತಾಯಿಗೆ ಹಿತವಾದ ಭಂಗಿಯ ಮಾತಿದೆ. ನೋವು ಬಂದ ಮೇಲೆ ಇದನ್ನೆಲ್ಲ ವಾದಿಸಲು ಆಗುವುದಿಲ್ಲ. ಮುಂದಿನ ತಪಾಸಣೆಗೆ ಹೋಗುವಾಗ ಅವ್ವನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗಿ, ಲೇಬರ್ ರೂಮ್ ಸಿಸ್ಟರ್ ಹತ್ತಿರ ನಿಂತು ಕೇಳಿ: ‘ಅಕ್ಕಾ, ಇವರು ನನ್ನ ಜೋಡಿ ಒಳಗ ಇರ್ತಾರ. ಆರಾಮ ಇರೋತನಕ ನಾ ಅಡ್ಡಾಡಬಹುದಲ್ರಿ? ಮಗ್ಗಲಾಗಿ ಹಡೀಬಹುದಲ್ರಿ?’ ಹೀಗೆ ಮುಂಚೆಯೇ ಬಂದು ಕೇಳಿ ಹೋದವರ ಮುಖ ನಮಗೆ ನೆನಪಿರುತ್ತದೆ.